ಇಲ್ಲದ ಅಗಸಿ

ಬೂಟಿನ ಗುರುತು ಅಲ್ಲಿಗೇ ಮುಗಿದಿತ್ತು. ಅಲ್ಲಿಂದ ಮುಂದೆ ಬರಿಗಾಲು.

ಗುರುಪಾದ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಮೂಗು ತಾಗುವಷ್ಟು ಬಾಗಿ ನೋಡಿದ. ಬೂಟಿನ ಹೆಜ್ಜೆಗೂ ಬರಿಗಾಲಿನ ಹೆಜ್ಜೆಗೂ ಉದ್ದ ಒಂದೇ, ನಡಿಗೆ ಒಂದೇ. ಎಡಪಾದ ತುಸು ಹೊರಕ್ಕೆ ತಿರುಗುವ ಚಾಳಿಯೂ ಒಂದೇ. ಇಬ್ಬರಲ್ಲ, ಒಬ್ಬನೇ. ದಂಡೆಯಿಂದ ಬೂಟು ಹಾಕಿಕೊಂಡು ಇಳಿದವನು ಇಲ್ಲಿ ನಿಂತು, ಬೂಟು ಬಿಚ್ಚಿಟ್ಟು, ಗುಡಿಯವರೆಗೆ ಬರಿಗಾಲಲ್ಲಿ ಹೋಗಿದ್ದಾನೆ. ತಿರುಗಿ ಬಂದು ಇಲ್ಲೇ ಬೂಟು ಏರಿಸಿಕೊಂಡಿದ್ದಾನೆ. ತಿರುಗಿ ಬರುವಾಗ ಓಡಿದ್ದಾನೆ. ಬೆರಳುಗಳು ಹಸಿ ಮರಳಿನಲ್ಲಿ ಆಳಕ್ಕೆ ಹೂತಿವೆ.

ಆದರೆ ಇಲ್ಲೇ ಯಾಕೆ?

ತಲೆ ಎತ್ತಿದ. ಬೇಸಿಗೆಗಷ್ಟೇ ಹಿನ್ನೀರಿನಿಂದ ಮೇಲೇಳುವ ಕಲ್ಮೇಶ್ವರನ ಗುಡಿ ಇನ್ನೂ ಅಷ್ಟು ದೂರದಲ್ಲಿ, ಉಳಿದ ದಿನವೆಲ್ಲ ನೀರು ಕುಡಿದ ಕಪ್ಪು ಮೈ ಒಣಗಿಸಿಕೊಳ್ಳುತ್ತ ನಿಂತಿತ್ತು. ಈ ಜಾಗಕ್ಕೂ ಆ ಗುಡಿಗೂ ನಡುವೆ ಬರೀ ಬಯಲು. ಒಂದು ಕಲ್ಲಿಲ್ಲ, ಗೂಟವಿಲ್ಲ, ಜಾಲಿಮುಳ್ಳು ಕೂಡ ಇಲ್ಲ.

"ಏನ್ ಕುಂತೀಯೋ ಯಣ್ಣಾ, ತತ್ತಿ ಇಡಾಕ ಕುಂತ ಕೋಳಿಗತೆ?" ಹಿಂದಿನಿಂದ ಲಕ್ಕವ್ವ ಕೇಳಿದಳು. "ನೀರು ಬಂತು. ನೀ ಏಳೂದರಾಗ ನಿನ್ನ ತತ್ತಿನೂ ತೇಲಿ ಹೋಗತಾವ."

ಅವಳು ಹೇಳಿದ್ದು ಸುಳ್ಳಲ್ಲ. ಚಂದಗಡದ ಕಡೆ ಎರಡು ದಿನದಿಂದ ಮಳೆ ಹಿಡಿದಿತ್ತು. ಬೆಳಿಗ್ಗೆ ಗುಡಿಯ ಆಚೆ ದೂರದಲ್ಲಿ ಗೆರೆಯಂತಿದ್ದ ಹಿಡಕಲ್ ಅಣೆಕಟ್ಟಿನ ಹಿನ್ನೀರು ಈಗ ಗುಡಿಯ ಹಿಂಗೋಡೆ ನೆಕ್ಕುತ್ತಿತ್ತು. ಸಂಜೆಗೆ ಈ ಹೆಜ್ಜೆಗಳು ಇರುವುದಿಲ್ಲ. ಸಂಜೆಗೇ ಹುಕ್ಕೇರಿಯಲ್ಲಿ ಲಕ್ಕವ್ವನ ಗಂಡ ಲಕ್ಕಪ್ಪನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ.

ನಿನ್ನೆ ಹೊತ್ತು ಮುಳುಗುವಾಗ ಈ ಗುಡಿಯೊಳಗೆ ಯಾರೋ ಪೂಜಾರಿ ಶೆಟ್ಟೆಪ್ಪಜ್ಜನ ತಲೆ ಒಡೆದಿದ್ದರು. ದೇವರ ಬೆಳ್ಳಿ ಮುಖ ಕಾಣೆಯಾಗಿತ್ತು. ಮುದುಕನನ್ನು ಹೆಗಲ ಮೇಲೆ ಹೊತ್ತು ದಂಡೆ ಹತ್ತಿ, ಯಾರದೋ ಟೆಂಪೋ ಅಡ್ಡಗಟ್ಟಿ, ಗೋಕಾಕದ ದವಾಖಾನೆಗೆ ಮುಟ್ಟಿಸಿದವನು ಮೀನು ಹಿಡಿಯುವ ಲಕ್ಕಪ್ಪ. ಅಂಗಿ ತುಂಬ ರಕ್ತ ನೋಡಿದ ಪೊಲೀಸರು ಅವನನ್ನೇ ಹಿಡಿದರು. ಗುಡಿಯ ಸುತ್ತ ಬರಿಗಾಲಿನ ಗುರುತು ಕಂಡವೇ, ಕಂಡವು. ಬರಿಗಾಲಲ್ಲಿ ತಿರುಗುವವನು ಯಾರು, ಲಕ್ಕಪ್ಪ. ಮುಗಿಯಿತು ತನಿಖೆ. ಹಗ್ಗ ಕಟ್ಟಿ ಚಹಾ ಕುಡಿಯಲು ಹೋದರು.

ಅದನ್ನು ನೆನೆದರೆ ಗುರುಪಾದನಿಗೆ ಹಲ್ಲು ಕಚ್ಚುವಷ್ಟು ಸಿಟ್ಟು. ತಾನೂ ಒಂದು ಕಾಲಕ್ಕೆ ಪೇದೆಯಾಗಿದ್ದವನು. ಇಂಥದೇ ಒಂದು ತನಿಖೆಯ ದಿನ ಸಾಹೇಬನ ಮೇಜಿನ ಮೇಲೆ ಟೊಪ್ಪಿಗೆ ಒಗೆದು ಬಂದವನು. ಈಗ ಮೂಡಲಗಿಯಲ್ಲಿ ಕೂತು ರೈತರ ಕಳುವಾದ ಪಂಪ್‌ಸೆಟ್ಟು, ಕೇಬಲ್ಲು, ಎಮ್ಮೆ ಹುಡುಕಿಕೊಡುತ್ತಾನೆ. ಹೋದ ವರ್ಷ ಹಿನ್ನೀರಿನಲ್ಲಿ ಮುಳುಗಿಸಿಟ್ಟ ಕದ್ದ ಮೋಟರುಗಳನ್ನು ತೋರಿಸಿಕೊಟ್ಟವನು ಲಕ್ಕಪ್ಪ. ಅವತ್ತಿನಿಂದ ಗೆಳೆತನ.

"ಲಕ್ಕವ್ವಾ, ನಿನ್ನ ಗಂಡ ಎಂದರ ಬೂಟ ಹಾಕ್ಯಾನೇನು?"

"ಮದುವ್ಯಾಗ ನಮ್ಮಪ್ಪ ಕೊಡಿಸಿದ್ದ. ಅಕ್ಕಿಕಾಳು ಬೀಳೂತನಕ ಹಾಕ್ಕೊಂಡಿದ್ದ. ಮರುದಿನ ಅದರಾಗ ಗಾಳಕ್ಕ ಹಾಕೂ ಎರೆಹುಳ ತುಂಬಿಟ್ಟ." ಅವಳು ನಗಲು ಹೋಗಿ ಅರ್ಧಕ್ಕೆ ಬಿಟ್ಟಳು. "ಠಾಣ್ಯಾಗ ಅಂವ ಏನರ ಬಾಯಿ ಬಿಟ್ಟಾನೇನಣ್ಣಾ?"

"ಇಲ್ಲ. ಬೆಳಿಗ್ಗಿ ಹೋಗಿದ್ನಿ. ಗ್ವಾಡಿಗೆ ಮುಖ ಮಾಡಿ ಕುಂತಾನ. ಹೊಡದಿಲ್ಲ ಅಂತನೂ ಅನ್ನವಲ್ಲ, ಹೊಡದೇನಿ ಅಂತನೂ ಅನ್ನವಲ್ಲ."

"ಮೊದಲಿಂದನೂ ಹಂಗ. ಮೀನಿನ ಜೋಡಿ ಇದ್ದು ಇದ್ದು ಅದರಂಗ ಆಗ್ಯಾನ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ನಿನ್ನಿ ಇಲ್ಲಿದ್ರ ಹಿಂಗ ಆಗಾಕ ಬಿಡತಿದ್ದಿಲ್ಲ. ತವರಿಗೆ ತುಕ್ಕಾನಟ್ಟಿಗೆ ಹೋಗಿ ಸತ್ತಿದ್ನಿ. ಮುಂಜಾನೆ ಮೊದಲ ಬಸ್ಸಿಗೆ ಬಂದ್ರ ಮನಿ ಮುಂದ ಮಂದಿ."

ಗುರುಪಾದ ಮತ್ತೆ ನೆಲ ನೋಡಿದ. ಸಪ್ಪಳ ಆಗಬಾರದೆಂದು ಬೂಟು ಬಿಚ್ಚಿದನೇ? ಈ ನೆಲದಲ್ಲಿ ಎಂಥ ಸಪ್ಪಳ. ಬೂಟು ಹೂತುಕೊಂಡವೆಂದು ಬಿಚ್ಚಿದನೇ? ಹೂಳುವ ಕೆಸರು ಹಿಂದೆ ಉಳಿದಿತ್ತು. ಇಲ್ಲಿ ಗಟ್ಟಿ ಹಸಿಮರಳು. ರಾಡಿಯಲ್ಲಿ ಬೂಟು ಹಾಕಿಕೊಂಡು ಬಂದು ಗಟ್ಟಿನೆಲದಲ್ಲಿ ಬಿಚ್ಚುವವನಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ತನಗೆ ಕಾಣದ್ದು ಅವನಿಗೆ ಕಂಡಿರಬೇಕು.

ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡ. ಬೆಳಿಗ್ಗೆ ಗರ್ಭಗುಡಿಯ ಹೊಸ್ತಿಲ ಮೂಲೆಯಲ್ಲಿ ಸಿಕ್ಕ ಮಣ್ಣಿನ ಪಣತಿ ಅಲ್ಲೇ ಇತ್ತು. ಎಣ್ಣೆ ಚೆಲ್ಲಿತ್ತು. ಬತ್ತಿಗೆ ಬೆಂಕಿ ತಾಗಿರಲಿಲ್ಲ. ಶೆಟ್ಟೆಪ್ಪಜ್ಜ ಹಿತ್ತಾಳೆಯ ಸಮೆ ಬಿಟ್ಟು ಬೇರೆ ದೀಪ ಹಚ್ಚುವವನಲ್ಲ. ಪೊಲೀಸರು ಅದನ್ನು ಕಸ ಎಂದುಕೊಂಡು ದಾಟಿ ಹೋಗಿದ್ದರು.

"ಯಾರೋ ಅದು, ನಮ್ಮ ಅಗಸ್ಯಾಗ ಕುಂತಾಂವ? ಏಳೋ ಮ್ಯಾಲೆ!"

ಕೋಲೂರಿಕೊಂಡು, ಕಂಕುಳಲ್ಲಿ ಗಂಟು ಹಿಡಿದುಕೊಂಡು ಇಳಿದು ಬರುತ್ತಿದ್ದ ಮುದುಕಿಯ ದನಿ ಅದು. ಲಕ್ಕವ್ವನ ಹಾಗೇ ದಂಡೆಯ ಮೇಲಿನ ಪುನರ್ವಸತಿ ಕಾಲನಿಯ ಶಂಕ್ರವ್ವ. ಈ ನೀರಿನಲ್ಲಿ ಮುಳುಗಿದ ಹೊನ್ನಮಡು ಊರಿನಲ್ಲಿ ಸಂಸಾರ ಮಾಡಿದವರ ಪೈಕಿ ಉಳಿದ ಕೆಲವೇ ಜನರಲ್ಲಿ ಒಬ್ಬಳು. ಗುಡಿ ನೀರಿಗೆ ಹೋಗುವ ಮುನ್ನ ಕಲ್ಮೇಶ್ವರನಿಗೆ ವಿಭೂತಿ ಹಚ್ಚಿ, ಎಣ್ಣೆ ಸವರಿ ಕಳಿಸಿಕೊಡುವುದು ಊರವರ ಪದ್ಧತಿ. ಪೂಜಾರಿ ದವಾಖಾನೆಯಲ್ಲಿದ್ದಾನೆಂದು ತಾನೇ ಹೊರಟಿದ್ದಳು.

ಗುರುಪಾದ ಎದ್ದು ಬಾಜೂ ಸರಿದ.

ಮುದುಕಿ ಅದೇ ಜಾಗಕ್ಕೆ ಬಂದು ನಿಂತಳು. ಚಪ್ಪಲಿ ಕಳೆದು, ಲಕ್ಕವ್ವ ಬಿಟ್ಟಿದ್ದ ಚಪ್ಪಲಿಗಳ ಬಾಜೂಕ್ಕೆ ಇಟ್ಟಳು. ಬಗ್ಗಿ ನೆಲ ಮುಟ್ಟಿದಳು. ಆಮೇಲೆ ಎಡಗೈ ಎತ್ತಿ ಗಾಳಿಯಲ್ಲಿ ಏನನ್ನೋ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಗುರುಪಾದ ಅವಳು ಮುಟ್ಟಿದ ಜಾಗ ನೋಡಿದ. ಬರೀ ಗಾಳಿ.

"ಆಯೀ, ಚಪ್ಪಲಿ ಇಲ್ಲ್ಯಾಕ ಬಿಟ್ರಿ?"

"ಅಗಸ್ಯಾಗ ಬಿಡಲಾರದ ಮತ್ತೆಲ್ಲಿ ಬಿಡ್ಲೋ?"

"ಎಲ್ಲೈತ್ರಿ ಅಗಸಿ?"

"ಇಲ್ಲೇ ನಿಂತೈತಲ್ಲ! ಕಣ್ಣಾಗ ಸುಣ್ಣ ಹೊಕ್ಕೈತೇನು?" ಎಂದವಳು ತಾನೇ ತಡೆದಳು. ಖಾಲಿ ಬಯಲನ್ನು ಒಮ್ಮೆ ನೋಡಿದಳು. "ಇತ್ತು. ಎರಡು ಆನಿ ಜೋಡಿ ಹೋಗೂವಂಥಾ ಊರಬಾಗಲಾ. ಈ ಕಡೆ ನಗಾರಿಕಟ್ಟಿ, ಆ ಕಡೆ ಬಾವಿ. ಊರು ಬಿಡಬೇಕಂತ ಹುಕುಂ ಬಂದಾಗ ಗುಡಿ ಕೀಳೂದು ಬ್ಯಾಡಂದ್ರು ಹಿರ್‍ಯಾರು, ಅಗಸಿ ಕಿತ್ವಿ. ಮನಿಗೊಂದು ಕಲ್ಲು ಹಂಚಿಗೊಂಡ್ವಿ. ಕಾಲನ್ಯಾಗ ಯಾರ ಮನಿಗೆ ಬೇಕಾದ್ರೂ ಹೋಗು, ಹೊಸ್ತಿಲಕ್ಕ ಈ ಅಗಸಿ ಕಲ್ಲೇ."

"ಮತ್ತ ಈಗ್ಲೂ ಇಲ್ಲೇ ಚಪ್ಪಲಿ ಬಿಡ್ತೀರಿ."

"ಕಲ್ಲು ಒಯ್ದೇವಿ. ಜಾಗಾ ಒಯ್ದೇವೇನು?"

"ಬ್ಯಾರೆ ಊರವರು?"

"ಅವರಿಗೇನ್ ಗೊತ್ತು! ಅವರಿಗೆ ಗುಡಿ ಅಷ್ಟ ಕಾಣ್ತೈತಿ. ಕಟ್ಟಿ ಮಟಾ ಮೆಟಗೊಂಡು ಬರ್ತಾರ, ಫೋಟೋ ಹೊಡಕೋತಾರ, ಹೊಕ್ಕಾರ."

ಗುರುಪಾದ ಬೂಟಿನ ಗುರುತಿನತ್ತ ನೋಡಿದ. ನೋಡನೋಡುತ್ತ ಅದು ಬದಲಾಯಿತು. ಬೂಟು ಬಿಚ್ಚಿದವನಿಗೆ ಇಲ್ಲಿ ಅಗಸಿ ಕಂಡಿದೆ. ಕಲ್ಲಿಲ್ಲದ, ಕಮಾನಿಲ್ಲದ, ಐವತ್ತು ವರ್ಷದ ಹಿಂದೆಯೇ ಕಿತ್ತುಹೋದ ಅಗಸಿ. ಬೂಟು ಹಾಕುವವನು ಹೌದು, ಆದರೆ ಹೊನ್ನಮಡುವಿನ ಋಣದವನು.

"ನಿಮ್ಮ ಊರವರಾಗ ಬೂಟ ಹಾಕೂವಂಥವರು ಯಾರದಾರ್‍ರಿ ಆಯಿ, ಈಗ ಊರಾಗ ಇರೂವರು?"

"ಬೂಟ ಹಾಕೂ ಪಗಾರ ಬಂದವ್ರು ಈ ಕಲ್ಲಬಯಲಾಗ ಯಾಕ ಉಳೀತಾರಪಾ?"

ಲಕ್ಕವ್ವ ಏನಾದರೂ ಅನ್ನುತ್ತಾಳೆ ಎಂದುಕೊಂಡ. ಅನ್ನಲಿಲ್ಲ. ಬೆಳಿಗ್ಗೆಯಿಂದ ಒಂದು ನಿಮಿಷ ಮುಚ್ಚದ ಬಾಯಿ ಮುಚ್ಚಿತ್ತು. ಬರುತ್ತಿದ್ದ ನೀರನ್ನು ನೋಡುತ್ತಿದ್ದಳು.

ದಂಡೆಯ ಮೇಲೆ ಜೀಪಿನ ಹಾರ್ನು ಕೇಳಿತು.

ಗುರುಪಾದನಿಗೆ ನೋಡದೆಯೇ ಗೊತ್ತಾಯಿತು. ಸಂಕೇಶ್ವರದ ಅಣ್ಣಾಸಾಹೇಬ. ಹಿನ್ನೀರಿನ ದಂಡೆಯಲ್ಲಿ ದೊಡ್ಡ ರೆಸಾರ್ಟು ಕಟ್ಟಿಸುತ್ತಿರುವ ಮನುಷ್ಯ. ಈ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಮೇಲೆ ತನ್ನ ಜಾಗದಲ್ಲಿ, ಈಜುಕೊಳದ ಎದುರು ಕೂಡಿಸುವ ವಿಚಾರ ಅವನದು. ಅಡ್ಡ ನಿಂತವನು ಶೆಟ್ಟೆಪ್ಪಜ್ಜ ಒಬ್ಬನೇ. ಹೋದ ವಾರ ಇಬ್ಬರಿಗೂ ಜೋರು ಜಗಳವಾಗಿತ್ತು.

ಗುರುಪಾದ ಮನಸ್ಸಿನಲ್ಲೇ ಬೇಡಿಕೊಂಡ. ಇವನೇ ಆಗಲಿ, ದೇವರೇ. ಊರು ಮುಳುಗಿಸಿ ಅಣೆಕಟ್ಟಿನ ಕೆಳಗಿನವರಿಗೆ ಕಬ್ಬು ಬೆಳೆಸಿದ್ದು ಒಂದು ಅನ್ಯಾಯ. ಮೂಡಲಗಿಯವನಾದ ತಾನೂ ಆ ಕಬ್ಬಿನ ಅನ್ನ ಉಂಡವನೇ. ಈಗ ನೀರೊಳಗೆ ಉಳಿದ ದೇವರನ್ನೂ ಎತ್ತಿ ಅಂಗಡಿ ಇಡುತ್ತೇನೆ ಎನ್ನುವವನು ಇವನು. ಇವನ ಕುಲದ ಬೇರು ಎಲ್ಲಾದರೂ ಹೊನ್ನಮಡುವಿನಲ್ಲಿ ಸಿಕ್ಕಿದರೆ ಸಾಕು.

"ಆಯೀ, ಲಕ್ಕವ್ವಾ, ಸ್ವಲ್ಪ ಗುಡಿ ಕಡೆ ನಡೀರಿ. ಯಾರೂ ಅಗಸಿ ಸುದ್ದಿ ತಗೀಬ್ಯಾಡ್ರಿ."

ಇಲ್ಲಿ ಚಪ್ಪಲಿ ಕಂಡರೆ ಯಾರಾದರೂ ಬೂಟು ಬಿಚ್ಚಿಯಾರು. ಅವನೇ ಬಗ್ಗಿ ಎರಡೂ ಜೋಡಿ ಎತ್ತಿಕೊಂಡ. ಮುದುಕಿಯವು ಟೈರಿನ ಅಟ್ಟೆಯ ಕರಿ ಚಪ್ಪಲಿ. ಲಕ್ಕವ್ವನ ಎಡಗಾಲಿನದರ ಬಾರು ಕಿತ್ತಿತ್ತು. ಬಲೆಯ ನೀಲಿ ದಾರದಿಂದ ಹೊಲಿದು, ಮೇಲೆ ದಪ್ಪ ಗಂಟು ಹಾಕಿದ್ದರು. ಲಕ್ಕಪ್ಪನದೇ ಕೈ. ಎಂಥ ಮೀನಿಗೂ ಬಿಚ್ಚದ ಗಂಟು.

"ಜ್ವಾಕಿ," ಎಂದಳು ಲಕ್ಕವ್ವ, ಕೊನೆಗೂ ಬಾಯಿ ತೆರೆದು. "ಅಂವ ಹೊರಗ ಬಂದು ಹೊಸಾವು ಕೊಡಸೂತನಕ ಅವ ಗತಿ."

ಗುಡಿಯ ಮಗ್ಗುಲಲ್ಲಿ, ನೀರಿನಂಚಿಗೆ ಬಿದ್ದಿದ್ದ ಮುರಿದ ಕಂಬದ ತುಂಡಿನ ಮೇಲೆ ಅವನ್ನು ಇಟ್ಟು, ತನ್ನ ಚಪ್ಪಲಿ ಕಟ್ಟೆಯ ಮೇಲೆ ಬಿಟ್ಟು, ಗುರುಪಾದ ಬರಿಗಾಲಲ್ಲಿ ಒರಗಿ ನಿಂತ. ಬರುವವರ ಮುಖ ನೋಡಲಿಲ್ಲ. ಕಾಲು ನೋಡಿದ.

ಮೊದಲು ಅಣ್ಣಾಸಾಹೇಬನ ಬಿಳೀ ಬೂಟು. ರಾಡಿಯಲ್ಲಿ ಪಚಪಚ ಎಂದು ಬಂದವು. ಗುರುತಿನ ಜಾಗಕ್ಕೆ ಬಂದವು.

ದಾಟಿದವು.

ಒಂದು ಕ್ಷಣ ತಡೆಯಲಿಲ್ಲ. ಕಟ್ಟೆಗೆ ಬಂದವು, ಮೆಟ್ಟಿಲು ಹತ್ತಿದವು, ನಂದಿಯ ಬೆನ್ನು ಹಿಡಿದು ಒಳಗೇ ನಡೆದವು.

"ಏ ನಿನ್ನ ಬಾಯಾಗ ಮಣ್ಣ ಹಾಕ್ಲಿ!" ಶಂಕ್ರವ್ವ ಕೋಲೆತ್ತಿದಳು. "ದೇವರ ಹೊಟ್ಟಿ ಮ್ಯಾಲೆ ಬೂಟ ಇಡ್ತೀಯಾ?"

"ಅಜ್ಜೀ, ನೀರಾಗ ಕೊಳ್ಯಾಕತ್ತಾನ ನಿಮ್ಮ ದೇವರು. ನಾ ಅವನ್ನ ಉಳಸಾಕ ಬಂದಾಂವ," ಒಳಗಿಂದ ಅಣ್ಣಾಸಾಹೇಬನ ಉತ್ತರ ಬಂತು. "ಏ ಗಜಾನನ, ಲಗೂನ ಬಾರಪಾ! ಯಾವ ಕಲ್ಲಿಗೆ ಯಾವ ನಂಬರ್, ನೀರು ಬರೂದರಾಗ ಬಣ್ಣ ಹೊಡಿ!"

ಈ ಮನುಷ್ಯನಿಗೆ ಇಲ್ಲಿ ಅಗಸಿ ಹೋಗಲಿ, ಗುಡಿಯೂ ಕಾಣುವುದಿಲ್ಲ. ನಿನ್ನೆ ಬಂದು ಬರಿಗಾಲಲ್ಲಿ ನಡೆದವನು ಇವನಲ್ಲ. ಆಗಬೇಕಿತ್ತು, ಆಗಲಿಲ್ಲ. ಸಿಟ್ಟು ಒಬ್ಬನ ಕಡೆ ಬೆರಳು ತೋರಿಸುತ್ತದೆ, ಕೆಸರು ಇನ್ನೊಬ್ಬನ ಕಡೆ.

ಇನ್ನೊಬ್ಬ ಬರುತ್ತಿದ್ದ.

ಅಣ್ಣಾಸಾಹೇಬನ ಎಂಜಿನಿಯರ್ ಗಜಾನನ. ಕೊಲ್ಹಾಪುರದವನು, ಎಳೆ ಮನುಷ್ಯ. ಕಂಕುಳಲ್ಲಿ ನಕ್ಷೆಯ ಸುರುಳಿ, ಕಿವಿಗೆ ಮೊಬೈಲು. ಯಾರ ಜೊತೆಗೋ ಮರಾಠಿಯಲ್ಲಿ ಸಿಮೆಂಟಿನ ಲಾರಿಯ ವಿಚಾರ ಜಗಳಾಡುತ್ತ ಬಂದ. ನೆಲದ ಕಡೆ ನೋಡುತ್ತಲೇ ಇರಲಿಲ್ಲ.

ಮಾತು ನಿಲ್ಲಿಸದೆ, ಕೆಳಗೆ ನೋಡದೆ, ಅವನ ಬಲಗಾಲು ಎಡ ಬೂಟಿನ ಹಿಮ್ಮಡಿ ತುಳಿಯಿತು. ಬೂಟು ಕಳಚಿತು. ಇನ್ನೊಂದೂ ಕಳಚಿತು. ಎರಡೂ ಬೂಟು ಖಾಲಿ ಬಯಲಿನ ನಡುವೆ ಉಳಿದವು. ಗಜಾನನ ಮುಂದೆ ಬಂದ. ಎಡಪಾದ ತುಸು ಹೊರಕ್ಕೆ.

ಗುರುಪಾದ ಕಟ್ಟೆ ಬಿಟ್ಟು ಎದುರು ಹೋದ. ಮೊಬೈಲು ಅವನ ಕಿವಿಯಿಂದ ಕಿತ್ತು ಬಂದ್ ಮಾಡಿದ.

"ಬೂಟ ಯಾಕ ಬಿಚ್ಚಿದ್ರಿ ಸಾಹೇಬ್ರ?"

"ಅರೆ! ಫೋನ್ ಕೊಡ್ರಿ ಇಲ್ಲೆ. ಯಾರ್‍ರಿ ನೀವು?"

"ಕಳುವಾದದ್ದು ಹುಡುಕಾಂವ. ಬೂಟ ಯಾಕ ಬಿಚ್ಚಿದ್ರಿ?"

"ಗುಡಿ ಐತಲ್ರಿ, ಅದಕ್ಕ."

"ಗುಡಿ ಅಲ್ಲೈತಿ. ನಿಮ್ಮ ಮಾಲಕರು ಬೂಟ ಹಾಕ್ಕೊಂಡ ಗರ್ಭಗುಡ್ಯಾಗ ನಿಂತಾರ. ನೀವು ಬಯಲಾಗ ಬಿಚ್ಚೀರಿ. ತಿರಗಿ ನೋಡ್ರಿ. ಏನೈತಿ ಅಲ್ಲೆ?"

ಗಜಾನನ ತಿರುಗಿ ನೋಡಿದ. ತನ್ನ ಬೂಟು ಕಂಡವು. ಅವುಗಳ ಪಕ್ಕದಲ್ಲೇ, ನಿನ್ನೆಯ ಹಸಿಯಲ್ಲಿ ಮೂಡಿ ಒಣಗಿದ, ಅದೇ ಬೂಟಿನ ಅಚ್ಚು ಕಂಡಿತು. ಮೊಬೈಲಿಗೆ ಚಾಚಿದ್ದ ಕೈ ಕೆಳಗಿಳಿಸಿದ.

"ರಾಡಿ ಇತ್ತು..."

"ರಾಡಿ ಹಿಂದಿತ್ತು. ರಾಡ್ಯಾಗ ಹಾಕ್ಕೊಂಡು ಬಂದು ಗಟ್ಟಿ ನೆಲದಾಗ ಬಿಚ್ಚೀದಿ. ನಿನ್ನೀನೂ ಬಿಚ್ಚೀದಿ, ಇವತ್ತೂ ಬಿಚ್ಚೀದಿ." ಬಹುವಚನ ಯಾವಾಗಲೋ ಉದುರಿಹೋಗಿತ್ತು. ಗುರುಪಾದ ಅವನ ಕಾಲರು ಹಿಡಿದ. "ಕೊಲ್ಹಾಪುರದ ಮಗನ, ನಿನಗ ಈ ಅಗಸಿ ಹೆಂಗ ಗೊತ್ತು? ಒಬ್ಬ ಮುದುಕ ಗೋಕಾಕದಾಗ ಉಸಿರು ಎಣಸಾಕತ್ತಾನ. ತಪ್ಪು ಮಾಡದಾಂವ ಠಾಣ್ಯಾಗ ಗ್ವಾಡಿ ನೋಡಾಕತ್ತಾನ. ಹೇಳು!"

ಗಜಾನನ ಗುಡಿಯ ಕಡೆ ಕಣ್ಣು ಹೊರಳಿಸಿದ. ಒಳಗೆ ಅಣ್ಣಾಸಾಹೇಬ ಟೇಪು ಹಿಡಿದು ಕಂಬ ಅಳೆಯುತ್ತಿದ್ದ. ಎಂಜಿನಿಯರನ ದನಿ ಇಳಿಯಿತು. ಇಳಿದ ದನಿಯಲ್ಲಿ ಮರಾಠಿಯ ಸೋಂಕೇ ಇರಲಿಲ್ಲ.

"ನಮ್ಮವ್ವ ಹೇಳಿಕೊಟ್ಟಿದ್ಲು."

"ಯಾರು ನಿಮ್ಮವ್ವ?"

"ಸಾತವ್ವ. ಇದೇ ಊರಾಕಿ. ಊರು ಬಿಡೂಮುಂದ ಸಣ್ಣ ಹುಡುಗಿ. ಕೊಲ್ಹಾಪುರಕ್ಕ ಕೊಟ್ರು. ಮನ್ಯಾಗ ಕನ್ನಡಾ ಮಾತಾಡಾಕ ಬಿಡತಿದ್ದಿಲ್ಲ ಅಕೀಗೆ. ವರ್ಷಕ್ಕೊಮ್ಮೆ, ಕಲ್ಮೇಶ್ವರನ ಹಬ್ಬದ ದಿನ, ಅಡಗಿಮನ್ಯಾಗ ಜ್ವಾಳದ ಕಾಳಿಲೆ ನೆಲದ ಮ್ಯಾಲೆ ಊರು ಹೂಡತಿದ್ಲು. ಇದು ಬಾವಿ, ಇದು ನಗಾರಿಕಟ್ಟಿ, ಇದು ನಮ್ಮ ಮನಿ. ನನ್ನ ಬೆರಳು ಹಿಡದು ಊರೆಲ್ಲಾ ತಿರಗಸತಿದ್ಲು. ಅಗಸಿ ಬಂದ ಕೂಡ್ಲೆ ಬೆರಳ ಮ್ಯಾಲೆ ಫಟ್ ಅಂತ ಹೊಡೀತಿದ್ಲು. 'ಚಪ್ಪಲಿ ಬಿಡು' ಅಂತ."

ಶಂಕ್ರವ್ವ ಯಾವಾಗ ಹತ್ತಿರ ಬಂದಳೋ. ಕೋಲು ಬಿಟ್ಟು ಅವನ ಗದ್ದ ಹಿಡಿದು ಮುಖ ಎತ್ತಿದಳು.

"ಸಾತವ್ವನ ಮಗಾ? ಬಾವಿಕಟ್ಟಿ ಸಾತವ್ವಂದಾ? ಹೌದ ನೋಡು, ಅಕೀದ ಮೂಗು... ಎಲ್ಲದಾಳೋ ಅಕಿ?"

"ಚಳಿಗಾಲದಾಗ ಹ್ವಾದ್ಲು. ಕಲ್ಮೇಶ್ವರಗ ನನ್ನ ಹೆಸರಿಲೆ ಒಂದು ದೀಪಾ ಹಚ್ಚು ಅಂದ್ಲು. ಈ ಕೆಲಸಕ್ಕ ಸೇರಿದ್ದ ಅದಕ್ಕ. ನಾ ಈ ಊರಾಂವ ಅಂತ ಗೊತ್ತಾದ್ರ ಒಳಗಿನ ಮಾಲಕ ಮೊದಲ ನನ್ನ ಹೊರಗ ಹಾಕ್ತಾನ. ನಕ್ಷೆದಾಗ ತಪ್ಪು ಅಳತಿ ಹಾಕಿ ಹಾಕಿ ಈ ಬ್ಯಾಸಿಗಿ ದಾಟಿಸೇನಿ. ಒಂದು ಕಲ್ಲೂ ಏಳಬಾರದು ಅಂತ."

ಸುಳ್ಳು ಹೇಳುವವರನ್ನು ಗುರುಪಾದ ಬಹಳ ನೋಡಿದ್ದ. ಕಾಲರು ಬಿಟ್ಟು ಕಿಸೆಯಿಂದ ಪಣತಿ ತೆಗೆದು ಮುಂದೆ ಹಿಡಿದ. ಗಜಾನನ ಅದನ್ನು ನೋಡಿದ್ದೇ ತಡ, ಕೈ ಚಾಚಿ ಎರಡೂ ಅಂಗೈಯಲ್ಲಿ ಇಸಿದುಕೊಂಡ.

"ಹಚ್ಚಲಾರದ ಓಡಿದಿ," ಎಂದ ಗುರುಪಾದ. ಸಿಟ್ಟು ಇಳಿಯಲೊಲ್ಲದು. "ಮುದುಕ ರಕ್ತದಾಗ ಬಿದ್ದಿದ್ದ. ನೀ ಓಡಿದಿ."

"ಬಗ್ಗಿ ನೋಡಿದ್ನಿ. ಉಸಿರಿತ್ತು. ದೇವರ ಮುಖ ಆಗ ಇರಲಿಲ್ಲ, ಬರೇ ಲಿಂಗ ಇತ್ತು. ಎತ್ತಬೇಕಂದೆ, ಖರೆ ಹೇಳ್ತೇನಿ. ಅಷ್ಟರಾಗ ಕಂಬದ ಹಿಂದ ಬಳೀ ಸಪ್ಪಳ ಕೇಳ್ತು."

"ಬಳಿ?"

"ಒಮ್ಮೆ. ಸಣ್ಣಗ. ನನ್ನ ಕೈಯಾಗಿನ ಪಣತಿ ಜಾರಿ ಬಿತ್ತು. ಆಗ ನೆನಪಾತು. ನಾ ಬರೂಮುಂದ ಅಗಸ್ಯಾಗ ಒಂದು ಜೋಡಿ ಚಪ್ಪಲಿ ಇದ್ವು. ಯಾರೋ ಊರಾಕಿ ಪೂಜಿಗೆ ಬಂದಿರಬೇಕಂತ ಖುಷಿ ಆಗಿತ್ತು ನನಗ. ಅದರ ಬಾಜೂಕ ಬೂಟ ಬಿಟ್ಟಿದ್ನಿ. ಓಡಿ ಹೋಗಿ ಬೂಟ ಹಾಕ್ಕೊಳ್ಳುಮುಂದನೂ ಆ ಚಪ್ಪಲಿ ಅಲ್ಲೇ ಇದ್ವು. ಅಂದ್ರ ಅವರು ಒಳಗ ಇದ್ರು. ಕತ್ತಲಾಗ ನಿಂತು ನನ್ನ ನೋಡಾಕತ್ತಿದ್ರು."

ಗುಡಿಯೊಳಗೆ ನೀರು ನುಗ್ಗಿದ ಗುಳಗುಳ ಸದ್ದು ಕೇಳಿತು. ಅಣ್ಣಾಸಾಹೇಬ ನೀರಿಗೇ ಬಯ್ದ.

"ಇದನ್ನ ಮ್ಯಾಜಿಸ್ಟ್ರೇಟರ ಮುಂದ ಹೇಳ್ತೀಯಾ? ಇವತ್ತ, ಈಗ? ಹೇಳಿದ್ರ ಲಕ್ಕಪ್ಪನ ಮ್ಯಾಲಿನ ಕೇಸು ನಿಲ್ಲೂದಿಲ್ಲ."

ಗಜಾನನ ಪಣತಿ ನೋಡಿದ. ಶಂಕ್ರವ್ವನನ್ನು ನೋಡಿದ. "ಹೇಳ್ತೇನಿ. ಕೆಲಸ ಹ್ವಾದ್ರ ಹೋಗಲಿ."

"ಚಪ್ಪಲಿ ಎಂಥಾವು?"

"ಹೆಂಗಸರವು. ಹಳೇವು." ಅವನು ಕಣ್ಣು ಮುಚ್ಚಿ ನೆನೆದ. "ಎಡಗಾಲಿಂದರ ಬಾರು ಕಿತ್ತಿತ್ತು. ಹೊಲದಿದ್ರು. ನೀಲಿ ದಾರ. ಬಲಿ ಹೆಣೀತಾರಲ್ಲ, ಅಂಥಾ ದಾರ. ಮ್ಯಾಲೆ ಒಂದು ಗಂಟು."

ಗುರುಪಾದನ ಬೆರಳ ತುದಿಗೆ ಆ ಗಂಟು ನೆನಪಿತ್ತು.

ಅವನು ತಿರುಗಿ ನೋಡಲಿಲ್ಲ. ತಿರುಗದೆಯೂ ಎಲ್ಲ ಕಾಣುತ್ತಿತ್ತು. ಗೋಡೆಗೆ ಮುಖ ಮಾಡಿ ಕೂತ ಲಕ್ಕಪ್ಪ. ಹೊಡೆದೆ ಎನ್ನದ, ಹೊಡೆದಿಲ್ಲ ಎನ್ನದ ಬಾಯಿ. ಮುದುಕನನ್ನು ಹೊತ್ತು ದಂಡೆ ಹತ್ತುವ ಮುನ್ನ ಗುಡಿಯಲ್ಲಿ ಅವನಿಗೆ ಇನ್ನು ಯಾರು ಸಿಕ್ಕಿದ್ದರು? ತುಕ್ಕಾನಟ್ಟಿಯ ತವರು. ಮುಂಜಾನೆಯ ಮೊದಲ ಬಸ್ಸು. ಯಾರೂ ಹೇಳದೆಯೇ ಸರಿಯಾಗಿ ಅಗಸಿಯ ಜಾಗದಲ್ಲಿ ಬಿಟ್ಟಿದ್ದ ಚಪ್ಪಲಿ. ಅದರ ಪಕ್ಕದಲ್ಲೇ ಕೂತು ಅವನು ಬೂಟಿನ ಅಚ್ಚು ನೋಡುತ್ತ ತಲೆ ಕೆರೆದುಕೊಂಡಿದ್ದ.

ಬೆಳಿಗ್ಗೆ ಮನೆಗೆ ಬಂದು, ಎರಡೂ ಕೈ ಮುಗಿದು, "ನೀನ ಹುಡುಕಬೇಕಣ್ಣಾ" ಎಂದು ಕರೆತಂದವಳು ಅವಳೇ.

ಕಂಬದ ತುಂಡಿನತ್ತ ಕಣ್ಣು ಹೋಯಿತು. ಕಲ್ಲು ಇರಲಿಲ್ಲ. ನೀರಿತ್ತು. ಮುದುಕಿಯ ಕರಿ ಚಪ್ಪಲಿಗಳು ಗುಡಿಯ ಮಗ್ಗುಲಿಗೆ ಸಿಕ್ಕಿ ತಿರುಗುತ್ತಿದ್ದವು. ಇನ್ನೊಂದು ಜೋಡಿಯಲ್ಲಿ ಒಂದು ಎಲ್ಲೋ ಹೋಗಿತ್ತು. ಉಳಿದದ್ದು ನೊರೆಯ ಮೇಲೆ ಕೂತು, ಯಾರೋ ಕಳಿಸಿಕೊಟ್ಟಂತೆ, ನೆಟ್ಟಗೆ ಇವರ ಕಡೆಗೇ ತೇಲಿ ಬರುತ್ತಿತ್ತು. ಎಡಗಾಲಿನದು.

ಗಜಾನನ ಅದಕ್ಕೆ ಬೆನ್ನು ಮಾಡಿ ನಿಂತಿದ್ದ. ಶಂಕ್ರವ್ವ ಅವನ ಮುಖ ಸವರುತ್ತಿದ್ದಳು. ಅಣ್ಣಾಸಾಹೇಬ ಒಳಗಿದ್ದ.

ಗುರುಪಾದ ಎರಡು ಹೆಜ್ಜೆ ಮುಂದೆ ಹೋಗಿ ನೀರಿಗೆ ಕಾಲಿಟ್ಟ. ಯಾಕೆ ಇಟ್ಟನೆಂದು ಅವನಿಗೇ ಗೊತ್ತಿರಲಿಲ್ಲ. ಅಂಗಾಲಿನ ಕೆಳಗೆ ಚಪ್ಪಲಿ ಕೆಸರಿಗೆ ಇಳಿಯಿತು. ಗಂಟು ಚುಚ್ಚಿತು.

ಆಗ ತಲೆ ಎತ್ತಿದ.

ಲಕ್ಕವ್ವ ಎದುರಿಗೇ ನಿಂತಿದ್ದಳು. ಮೊಣಕಾಲವರೆಗೆ ನೀರು. ಅವನ ಮುಖ ನೋಡುತ್ತಿರಲಿಲ್ಲ. ಅವನ ಕಾಲು ನೋಡುತ್ತಿದ್ದಳು. ಒಂದು ಕೈಯಿಂದ ಇನ್ನೊಂದು ಕೈಯ ಬಳೆಗಳನ್ನು ಒತ್ತಿ ಹಿಡಿದಿದ್ದಳು, ಸಪ್ಪಳ ಆಗದಂತೆ.

"ಅಂವ ಹೇಳಿದ್ದು ಕೇಳಿಸ್ಕೊಂಡ್ನಿ," ಎಂದಳು. ದನಿಯಲ್ಲಿ ಅಳು ಇರಲಿಲ್ಲ. "ನನ್ನ ಗಂಡ ಇವತ್ತ ಮನಿಗೆ ಬರ್ತಾನೇನ್ ಯಣ್ಣಾ? ಅಷ್ಟ ಹೇಳು. ಆಮ್ಯಾಲ ಕಾಲ ಎತ್ತು."